ಹೊಟ್ಟೆಯಿಲ್ಲದ ಕುದುರೆಗೆ ಮೇವು

ಟ್ಯಾಂಕಿನ ಗಾಜಿನ ಹತ್ತಿರ ಕಿವಿ ಇಟ್ಟರೆ ಒಂದು ಸದ್ದು ಕೇಳುತ್ತದೆ. ಟಕ್. ಉಗುರಿನಿಂದ ಮೇಜನ್ನು ಮೆಲ್ಲಗೆ ಕುಟ್ಟಿದ ಹಾಗೆ. ಕಡಲಕುದುರೆ ಊಟ ಮಾಡುವ ಸದ್ದು ಅದು.

ಆ ಟಕ್‌ಗೆ ಮುಂಚೆ ನಡೆಯುವುದನ್ನು ನೋಡಬೇಕು. ಫ್ರೀಜರಿನಿಂದ ತೆಗೆದು ಕರಗಿಸಿದ ಮೈಸಿಸ್ ಸೀಗಡಿಯೊಂದು ತೇಲುತ್ತಾ ಬಂದು ಕಲ್ಲಿನ ಮೇಲೆ ಕೂರುತ್ತದೆ. ಉದ್ದ ಒಂದು ಸೆಂಟಿಮೀಟರ್ ಇದ್ದರೆ ಹೆಚ್ಚು. ಕಡಲಕುದುರೆ ಬಾಲದಲ್ಲಿ ಕೊಂಬೆ ಹಿಡಿದುಕೊಂಡೇ ಬಾಗುತ್ತದೆ. ಒಂದು ಕಣ್ಣು ಸೀಗಡಿಯ ಮೇಲೆ, ಇನ್ನೊಂದು ನನ್ನ ಮೇಲೆ. ಎರಡು ಕಣ್ಣನ್ನೂ ಬೇರೆಬೇರೆಯಾಗಿ ತಿರುಗಿಸುವುದು ಅದಕ್ಕೆ ಗೊತ್ತು. ಮೂತಿಯನ್ನು ಇಷ್ಟಿಷ್ಟೇ ಹತ್ತಿರ ತರುತ್ತದೆ. ನಿಲ್ಲುತ್ತದೆ. ಯಾಕೋ ಬೇಡ ಅನ್ನುವಂತೆ ಹಿಂದೆ ಸರಿಯುತ್ತದೆ. ಮತ್ತೆ ಬರುತ್ತದೆ. ಅರ್ಧ ನಿಮಿಷವಾಗಿ ನಮಗೇ ತಾಳ್ಮೆ ಕೆಡುವ ಹೊತ್ತಿಗೆ, ಟಕ್. ಸೀಗಡಿ ಮಾಯ.

ಅಷ್ಟೊಂದು ನಿಧಾನದ ಪ್ರಾಣಿ ಕೊನೆಯ ಕ್ಷಣದಲ್ಲಿ ಮಿಂಚಿಗೆ ಸಮ. ತಲೆ ಎತ್ತಿ ಸೀಗಡಿಯನ್ನು ಎಳೆದುಕೊಳ್ಳಲು ಒಂದು ಸೆಕೆಂಡಿನ ನೂರರಲ್ಲೊಂದು ಪಾಲು ಕೂಡ ಬೇಕಿಲ್ಲ. ಬರೀ ಸ್ನಾಯುವಿನಿಂದ ಈ ವೇಗ ಬರುವುದಿಲ್ಲ. ಕುತ್ತಿಗೆಯ ಹಿಂದಿನ ಸ್ನಾಯುರಜ್ಜು ಬಿಲ್ಲಿನ ಹೆದೆಯಂತೆ ಬಿಗಿದುಕೊಂಡಿರುತ್ತದೆ. ಬಿಟ್ಟೊಡನೆ ತಲೆ ಮೇಲಕ್ಕೆ ಚಿಮ್ಮುತ್ತದೆ, ಕೊಳವೆಯಂಥ ಮೂತಿ ನೀರನ್ನೂ ಬೇಟೆಯನ್ನೂ ಒಟ್ಟಿಗೆ ಹೀರುತ್ತದೆ. ತಲೆಬುರುಡೆಯ ಹಿಂದಿನ ಎಲುಬುಗಳು ಒಂದಕ್ಕೊಂದು ತಾಗಿದ್ದೇ ಆ ಟಕ್. ಇದರ ತಲೆಯ ಆಕಾರವೂ ಮೋಸದ್ದೇ. ಮೂತಿಯ ಮುಂದಿನ ನೀರು ಅಲುಗದ ಹಾಗೆ ನುಸುಳಿಕೊಂಡು ಬರುತ್ತದೆ. ಗಿಡ್ಡ ಜಾತಿಯೊಂದನ್ನು ಕ್ಯಾಮೆರಾ ಇಟ್ಟು ನೋಡಿದವರು 2013ರಲ್ಲಿ ಬರೆದ ಪ್ರಕಾರ, ನಿಂತ ನೀರಿನಲ್ಲಿ ಅದು ಹತ್ತರಲ್ಲಿ ಒಂಬತ್ತು ಸಲ ಬೇಟೆ ಹಿಡಿಯುತ್ತದೆ.

‘ನಿಂತ ನೀರಿನಲ್ಲಿ’ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ತಕರಾರು ಶುರುವಾಗುವುದೇ ಅಲ್ಲಿ.

ಕಡಲಕುದುರೆಗೆ ಹಲ್ಲಿಲ್ಲ. ಜಠರವೂ ಇಲ್ಲ. ನುಂಗಿದ್ದು ನೇರ ಕರುಳಿಗೆ ಇಳಿದು, ಅರೆಬರೆ ಜೀರ್ಣವಾಗಿ, ಬೇಗನೆ ಹೊರಗೆ ಬೀಳುತ್ತದೆ. ಒಮ್ಮೆ ತಿಂದು ಒಳಗೆ ಕೂಡಿಟ್ಟುಕೊಳ್ಳೋಣ ಅಂದರೆ ಜಾಗವೇ ಇಲ್ಲ. ಹಾಗಾಗಿ ಸಮುದ್ರದಲ್ಲಿ ಇದು ಹಗಲೆಲ್ಲ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರುತ್ತದೆ. ಮನೆಯಲ್ಲಿ ಸಾಕಿದರೆ ದಿನಕ್ಕೆ ಕಡಿಮೆಯೆಂದರೂ ಎರಡು ಸಲ, ಸಾಧ್ಯವಾದರೆ ಮೂರು ಸಲ ಮೇವು ಹಾಕಬೇಕು. ಭಾನುವಾರವೂ.

ಇಷ್ಟು ತಿಂದರೆ ನೀರು ಕೆಡುತ್ತದೆ, ಅಲ್ವಾ? ಹಿಕ್ಕೆ, ಉಳಿದ ಸೀಗಡಿ ಎರಡೂ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಕಲ್ಲು, ಮರಳು, ಫಿಲ್ಟರಿನಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮೀನಿಲ್ಲದ ಟ್ಯಾಂಕನ್ನು ಸುಮ್ನೆ ನೋಡುತ್ತಾ ಕೂರಬೇಕು. ಬಂದವರೆಲ್ಲ ‘ಎಲ್ಲಿ ಮೀನು?’ ಅಂತ ಕೇಳುತ್ತಾರೆ.

ಹೊಲಸು ಜಾಸ್ತಿ, ಹಾಗಾಗಿ ಫಿಲ್ಟರ್ ಜೋರಾಗಿ ಓಡಬೇಕು. ಫಿಲ್ಟರ್ ಜೋರಾದರೆ ನೀರು ಓಡುತ್ತದೆ. ನೀರು ಓಡಿದರೆ ಸೀಗಡಿಯೂ ಓಡುತ್ತದೆ, ಹಿಂದೆ ಸರಿದು ಮುಂದೆ ಬಂದು ಯೋಚಿಸುವ ನಮ್ಮ ಬೇಟೆಗಾರ ಉಪವಾಸ. ಇದರ ಈಜು ನೋಡಿದರೆ ಅರ್ಥವಾಗುತ್ತದೆ. ಉಳಿದ ಮೀನುಗಳು ಬಾಲ ಬೀಸಿ ಮುನ್ನುಗ್ಗಿದರೆ, ಇದರ ಬಾಲ ಹಿಡಿದುಕೊಳ್ಳುವುದಕ್ಕೆ ಮಾತ್ರ. ಬೆನ್ನಿನ ಮೇಲಿನ ಪುಟ್ಟ ರೆಕ್ಕೆ ಸೆಕೆಂಡಿಗೆ ಸುಮಾರು 35 ಸಲ ಬಡಿಯುತ್ತದೆ. ಅಷ್ಟು ಬಡಿದರೂ ಸಾಗುವುದು ಬೆರಳಷ್ಟು ದೂರ. ಕಡಲಕುದುರೆ ಸಾಕುವ ಕಲೆ ಅಂದರೆ ನನ್ನ ಲೆಕ್ಕದಲ್ಲಿ ಇದೊಂದೇ: ನೀರು ಶುದ್ಧವೂ ಇರಬೇಕು, ಸದ್ದಿಲ್ಲದೆಯೂ ಇರಬೇಕು.

ದಾರಿಗಳಿವೆ. ಫಿಲ್ಟರಿನಿಂದ ಹೊರಬರುವ ನೀರನ್ನು ಒಂದೇ ಕಡೆ ಚಿಮ್ಮಿಸದೆ ತೂತುಗಳಿರುವ ಉದ್ದ ಪೈಪಿನಲ್ಲಿ ಹರಡಿ ಬಿಡುವುದು ಒಂದು. ನೀರೆಳೆಯುವ ಬಾಯಿಗೆ ಸ್ಪಾಂಜ್ ಕಟ್ಟುವುದು ಇನ್ನೊಂದು. ಕಟ್ಟದಿದ್ದರೆ ಬಾಲ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮೇವಿನ ಹೊತ್ತಿಗೆ ಪಂಪು ನಿಲ್ಲಿಸಿ, ಉದ್ದನೆಯ ಪಿಪೆಟ್ಟಿನಲ್ಲಿ ಸೀಗಡಿಯನ್ನು ಒಂದೇ ಮೂಲೆಯಲ್ಲಿ, ಒಂದು ಸಣ್ಣ ಬಟ್ಟಲಿಗೆ ಬಿಡಬಹುದು. ವಾರ ಕಳೆಯುವುದರೊಳಗೆ ಪಿಪೆಟ್ ಕಂಡರೆ ಸಾಕು, ಅವು ಬಟ್ಟಲಿನ ಸುತ್ತ ಹಾಜರ್. ಅರ್ಧ ಗಂಟೆಯಾದ ಮೇಲೆ ಉಳಿದದ್ದನ್ನು ಅದೇ ಪಿಪೆಟ್ಟಿನಲ್ಲಿ ಹೀರಿ ತೆಗೆಯಬೇಕು. ಪಂಪು ಮತ್ತೆ ಹಾಕುವುದನ್ನು ಮರೆಯಬಾರದು. ನಾನು ಎರಡು ಸಲ ಮರೆತಿದ್ದೇನೆ.

ಜೊತೆಗಾರರ ಮಾತೂ ಇದರಿಂದಲೇ ತೀರ್ಮಾನವಾಗುತ್ತದೆ. ಚುರುಕಾದ ಮೀನು ಯಾವುದಿದ್ದರೂ ಕಡಲಕುದುರೆ ಕಣ್ಣು ತಿರುಗಿಸುವುದರೊಳಗೆ ಎಲ್ಲ ತಿಂದು ಮುಗಿಸುತ್ತದೆ. ಬಸವನಹುಳು, ತಳದಲ್ಲಿ ಕೂರುವ ಪುಟ್ಟ ಗೋಬಿ ಮೀನು ಆಗಬಹುದು. ಏಡಿ ಬೇಡ. ಕುಟುಕುವ ಹವಳ, ಹೂವಿನಂತೆ ಕಂಡು ಕುಟುಕುವ ಅನಿಮೋನ್ ಖಂಡಿತ ಬೇಡ. ಅಪಾಯ ಕಂಡರೆ ದೂರ ಓಡುವುದು ಇದರ ಸ್ವಭಾವದಲ್ಲೇ ಇಲ್ಲ. ಸಿಕ್ಕಿದ್ದನ್ನು ಹಿಡಿದುಕೊಂಡು ನಿಲ್ಲುವುದೊಂದೇ ಗೊತ್ತು.

ಹಿಡಿದುಕೊಳ್ಳಲು ಏನು ಕೊಟ್ಟರೂ ಆಯಿತು: ಪ್ಲಾಸ್ಟಿಕ್ ಗಿಡ, ಪಾಚಿ, ಹಗ್ಗ. ನಾನು ಹುಡುಕಿ ತಂದ ಕೊಂಬೆಗಳನ್ನೆಲ್ಲ ಬಿಟ್ಟು ಒಂದು ಹೆಣ್ಣು ತಿಂಗಳುಗಟ್ಟಲೆ ಥರ್ಮಾಮೀಟರಿನ ವೈರಿಗೇ ಸುತ್ತಿಕೊಂಡಿತ್ತು. ಹತ್ತಿರದಿಂದ ನೋಡಿದರೆ ಆ ಬಾಲ ಹಾವಿನ ಬಾಲದಂತೆ ದುಂಡಗಿಲ್ಲ, ಚೌಕವಾಗಿದೆ. ಮೈಯ ಮೇಲೆ ಹುರುಪೆ ಇಲ್ಲ, ಎಲುಬಿನ ತಟ್ಟೆಗಳು ಜೋಡಿಸಿದ ಉಂಗುರಗಳಿವೆ. 2015ರಲ್ಲಿ ವಿಜ್ಞಾನಿಗಳು ಚೌಕದ ಬಾಲವನ್ನೂ ದುಂಡು ಬಾಲವನ್ನೂ 3ಡಿ ಪ್ರಿಂಟರಿನಲ್ಲಿ ಮಾಡಿ ಹಿಸುಕಿ, ತಿರುಚಿ ನೋಡಿದರು. ಚೌಕದ್ದು ಪೆಟ್ಟು ತಾಳಿಕೊಂಡು ತನ್ನ ಆಕಾರಕ್ಕೆ ಮರಳುವುದರಲ್ಲಿ ಮುಂದಿತ್ತು. ಹಿಡಿತವೂ ಅದಕ್ಕೇ ಚೆನ್ನಾಗಿ ಸಿಗುತ್ತಿತ್ತು.

ಇನ್ನು ಬಿಸಿ. ಇದನ್ನು ಹಗುರವಾಗಿ ತೆಗೆದುಕೊಂಡವರು ಕೆಡುತ್ತಾರೆ. ಹೆಚ್ಚಾಗಿ ಸಾಕುವ ಉಷ್ಣವಲಯದ ಜಾತಿಗಳಿಗೆ 22ರಿಂದ 24 ಡಿಗ್ರಿ ಸೆಲ್ಸಿಯಸ್ ಸರಿ. ಸಮುದ್ರದಲ್ಲಿ ಅವು ಇದಕ್ಕಿಂತ ಬೆಚ್ಚಗಿನ ನೀರಿನಲ್ಲೂ ಇರುತ್ತವೆ ನಿಜ. ಆದರೆ ಗಾಜಿನ ಪೆಟ್ಟಿಗೆ ಸಮುದ್ರವಲ್ಲ. 26 ದಾಟಿದರೆ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಸರಸರನೆ ಬೆಳೆಯುತ್ತದೆ, ಮೂತಿಯಲ್ಲೋ ಬಾಲದಲ್ಲೋ ಹುಣ್ಣಾಗುತ್ತದೆ. ಮೂತಿ ಕೊಳೆತರೆ ಹೀರಲಾಗದು. ಕೊನೆಗೆ ಸಾಯುವುದು ಹಸಿವಿನಿಂದ. ಬೇಸಿಗೆಯಲ್ಲಿ ನೀರು ತಂಪಾಗಿಸುವ ಚಿಲ್ಲರ್ ಇಲ್ಲವೇ ನೀರಿನ ಮೇಲೆ ಗಾಳಿ ಬೀಸುವ ಫ್ಯಾನ್ ಬೇಕೇ ಬೇಕು. ಫ್ಯಾನ್ ಇಟ್ಟರೆ ನೀರು ಆವಿಯಾಗಿ ಇಳಿಯುತ್ತದೆ. ಆಗ ಉಪ್ಪುನೀರು ಸುರಿಯಬಾರದು. ಹೋಗಿರುವುದು ಬರೀ ನೀರು, ಉಪ್ಪು ಅಲ್ಲೇ ಉಳಿದಿದೆ. ಸಿಹಿನೀರನ್ನೇ ತುಂಬಿಸಬೇಕು.

ನನ್ನ ಮೊದಲ ಕಡಲಕುದುರೆ ಹದಿನೆಂಟು ದಿನ ಬದುಕಿತು. ನೀರು ಸರಿಯಿತ್ತು, ಬಿಸಿಯೂ ಸರಿಯಿತ್ತು. ಮಾರಿದವರು ಅದು ಸಮುದ್ರದಿಂದ ಹಿಡಿದದ್ದು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜೀವಂತ ಬೇಟೆಯನ್ನೇ ತಿಂದು ಬೆಳೆದದ್ದಕ್ಕೆ ಫ್ರೀಜರಿನ ಸೀಗಡಿ ಆಹಾರ ಅಂತಲೇ ಅನಿಸಲಿಲ್ಲ. ಪಕ್ಕದಲ್ಲಿ ಬಿದ್ದಿದ್ದರೂ ನೋಡುತ್ತಿತ್ತು, ಬಿಡುತ್ತಿತ್ತು. ಹೊಟ್ಟೆಯ ಉಂಗುರಗಳ ನಡುವೆ ಗುಳಿ ಬಿದ್ದದ್ದು ಕಂಡಾಗ ತಡವಾಗಿತ್ತು. ಈಗ ನಾನು ಯಾರಿಗಾದರೂ ಹೇಳುವುದು ಒಂದೇ: ಟ್ಯಾಂಕಿನಲ್ಲೇ ಹುಟ್ಟಿ, ಫ್ರೀಜರಿನ ಮೈಸಿಸ್ ರೂಢಿಯಾದ ಮರಿಯನ್ನೇ ತನ್ನಿ. ಕೊಳ್ಳುವ ಮುಂಚೆ ಅದು ತಿನ್ನುವುದನ್ನು ಕಣ್ಣಾರೆ ನೋಡಿ. ಕಾನೂನೂ ಗಮನದಲ್ಲಿರಲಿ. 2004ರ ಮೇ ತಿಂಗಳಿಂದ ಎಲ್ಲ ಕಡಲಕುದುರೆಗಳೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿವೆ. ಪರವಾನಗಿ ಇಲ್ಲದೆ ದೇಶ ದಾಟಿಸುವಂತಿಲ್ಲ. ಸಾಕುವುದನ್ನೇ ನಿಷೇಧಿಸಿರುವ ಕಡೆ ಈ ಆಸೆ ಬಿಟ್ಟುಬಿಡಬೇಕು.

ಜೋಡಿ ಒಗ್ಗಿಕೊಂಡರೆ ಬೆಳಿಗ್ಗೆ ದೀಪ ಹತ್ತಿದೊಡನೆ ಒಂದು ನಾಟಕ ನಡೆಯುತ್ತದೆ. ಎರಡೂ ಮೈಬಣ್ಣ ತಿಳಿಯಾಗಿಸಿಕೊಂಡು, ಬಾಲಕ್ಕೆ ಬಾಲ ಹೆಣೆದು, ಒಂದೇ ಕೊಂಬೆಯ ಸುತ್ತ ಸುತ್ತುತ್ತವೆ. ಕೂಡುವ ದಿನ ಎದುರುಬದುರಾಗಿ ನೀರಿನಲ್ಲಿ ಮೇಲೇರುತ್ತವೆ. ಆಗ ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲಕ್ಕೆ ಇಳಿಸುತ್ತದೆ. ಟ್ಯಾಂಕ್ ಅಗಲಕ್ಕಿಂತ ಎತ್ತರವಾಗಿರಬೇಕು, ಬಾಲ ಬಿಡಿಸಿದ ಮೀನಿನ ಉದ್ದದ ಮೂರು ಪಟ್ಟಾದರೂ ಇರಬೇಕು ಅನ್ನುವುದು ಇದಕ್ಕೇ. ಗಿಡ್ಡ ಟ್ಯಾಂಕಿನಲ್ಲಿ ಮೊಟ್ಟೆ ಚೀಲದೊಳಗೆ ಹೋಗದೆ ತಳಕ್ಕೆ ಉದುರುತ್ತದೆ. ಆಮೇಲಿನದೆಲ್ಲ ಗಂಡಿನ ಪಾಲು. ಚೀಲದೊಳಗೆ ಮರಿಗಳಿಗೆ ಆಮ್ಲಜನಕ ಕೊಡುವುದು, ಉಪ್ಪಿನ ಹದ ಕಾಯುವುದು, ಎರಡರಿಂದ ನಾಲ್ಕು ವಾರ ಹೊರುವುದು, ಕೊನೆಗೆ ಮೈ ಹಿಂಡಿ ಹೆರುವುದು. ಕೆಲವು ಜಾತಿಗಳಲ್ಲಿ ಒಂದೇ ಹೆರಿಗೆಗೆ ಸಾವಿರ ಮರಿ ದಾಟುವುದುಂಟು. ಹೆತ್ತ ಮೇಲೆ ಅಪ್ಪ ತಿರುಗಿಯೂ ನೋಡುವುದಿಲ್ಲ.

ಮರಿಗಳ ಕಷ್ಟವೂ ಅದೇ, ಹಸಿವು. ಹುಟ್ಟಿದ ದಿನವೇ ತಿನ್ನಬೇಕು, ಬೇಟೆ ಜೀವಂತವಿರಬೇಕು, ಆ ಪುಟ್ಟ ಮೂತಿಗೆ ಹಿಡಿಸಬೇಕು. ಉಪ್ಪುನೀರಿಗೆ ಹಾಕಿದ ಆರ್ಟೀಮಿಯ ಎಂಬ ಪುಟ್ಟ ಸೀಗಡಿಯಂಥ ಜೀವಿಯ ಮೊಟ್ಟೆ ಸುಮಾರು 24 ಗಂಟೆಯಲ್ಲಿ ಒಡೆದು ಧೂಳಿನಂಥ ಕಿತ್ತಳೆ ಮರಿಗಳಾಗುತ್ತದೆ. ಹೊತ್ತು ಹೋದಷ್ಟೂ ಅದರೊಳಗಿನ ಸತ್ವ ಕರಗುತ್ತದೆ. ಮೊದಲ ಸಲ ನಾನು ಮರಿ ಕಂಡ ಮೇಲೆ ಮೊಟ್ಟೆ ಹಾಕಿದೆ. ಅದು ಒಡೆಯುವ ಹೊತ್ತಿಗೆ ಅರ್ಧದಷ್ಟು ಮರಿಗಳು ತಳ ಸೇರಿದ್ದವು. ಎರಡನೇ ಸಲ ಗಂಡಿನ ಚೀಲ ಊದಿದ ವಾರದಿಂದಲೇ ದಿನಕ್ಕೊಂದು ಬಾಟಲಿ ಹಾಕಿಡುತ್ತಾ ಬಂದೆ, ಬೇಕೋ ಬೇಡವೋ. ಒಂದು ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಇನ್ನೂರಕ್ಕೂ ಹೆಚ್ಚು ಮರಿ, ಒಂದೊಂದೂ ಸೆಂಟಿಮೀಟರಿನಷ್ಟು, ಒಂದರ ಬಾಲ ಇನ್ನೊಂದು ಹಿಡಿದುಕೊಂಡು ತೇಲುತ್ತಿವೆ. ಕಿತ್ತಳೆ ಧೂಳು ಬಿಟ್ಟೆ. ತಲೆಗಳು ಒಂದೊಂದಾಗಿ ಚಿಮ್ಮತೊಡಗಿದವು. ಗಾಜಿಗೆ ಕಿವಿ ಇಟ್ಟೆ. ಏನೂ ಕೇಳಲಿಲ್ಲ, ಇನ್ನೂ ಅಷ್ಟು ಚಿಕ್ಕವು.