ಗ್ಯಾಸ್‌ನಲ್ಲಿ ನೀರು ಎಷ್ಟಿದೆ? ಅಳೆಯೋದು ಇಷ್ಟು ಕಷ್ಟ ಯಾಕೆ?

ನೆಲದಡಿಯಿಂದ ಬರುವ ನೈಸರ್ಗಿಕ ಅನಿಲ ಒಣಗಿರುವುದಿಲ್ಲ. ನೀರಿನ ಆವಿಯನ್ನು ಹೊತ್ತುಕೊಂಡೇ ಬರುತ್ತದೆ. ಇದು ದೊಡ್ಡ ತಲೆನೋವಾಗಿದ್ದು ಅಮೆರಿಕದ ಪೈಪ್‌ಲೈನ್‌ಗಳಲ್ಲಿ. ಚಳಿ ಬಂದರೆ ಪೈಪು ಕಟ್ಟಿಕೊಳ್ಳುತ್ತಿತ್ತು, ಒಳಗೆ ಐಸ್ ಆಗಿದೆ ಅಂದುಕೊಂಡಿದ್ದರು. 1934ರಲ್ಲಿ ಹ್ಯಾಮರ್‌ಸ್ಮಿಟ್ ಎಂಬ ಸಂಶೋಧಕರು ಅದು ಐಸ್ ಅಲ್ಲ, ಹೈಡ್ರೇಟ್ ಅಂತ ತೋರಿಸಿದರು. ನೀರಿನ ಅಣುಗಳು ಗೂಡು ಕಟ್ಟಿ ಒಳಗೆ ಮೀಥೇನ್ (ನೈಸರ್ಗಿಕ ಅನಿಲದ ಮುಖ್ಯ ಭಾಗ) ಹಿಡಿದಿಟ್ಟುಕೊಳ್ಳುವ ಗಟ್ಟಿ ವಸ್ತು ಇದು. ಒತ್ತಡ ಜಾಸ್ತಿ ಇದ್ದರೆ 15 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕಟ್ಟುತ್ತದೆ! ಅಂದರೆ ಪೈಪನ್ನು ಬೆಚ್ಚಗಿಟ್ಟರೆ ಸಾಲದು, ನೀರನ್ನೇ ತೆಗೆಯಬೇಕು. ತೆಗೆದ ಮೇಲೂ ಎಷ್ಟು ಉಳಿದಿದೆ ಅಂತ ಗೊತ್ತಾಗಬೇಕಲ್ವಾ?

1938ರಲ್ಲಿ ಅಲ್ಲಿನ ಸರ್ಕಾರಿ ಗಣಿ ಸಂಸ್ಥೆ ಬ್ಯೂರೋ ಆಫ್ ಮೈನ್ಸ್‌ನ ಡೀಟನ್ ಮತ್ತು ಫ್ರಾಸ್ಟ್ ಒಂದು ಉಪಕರಣವನ್ನು ಪರಿಚಯಿಸಿದರು. ಒತ್ತಡ ತಡೆಯುವ ಪುಟ್ಟ ಕೋಣೆ, ಒಳಗೆ ಫಳಫಳ ಹೊಳೆಯುವ ಲೋಹದ ಕನ್ನಡಿ, ಎದುರಿಗೆ ಗಾಜಿನ ಕಿಂಡಿ. ಗ್ಯಾಸ್ ಹಾಯಿಸುತ್ತಾ ಕನ್ನಡಿಯನ್ನು ಹಿಂದಿನಿಂದ ನಿಧಾನವಾಗಿ ತಣ್ಣಗೆ ಮಾಡಬೇಕು. ಇಬ್ಬನಿ ಕೂತ ಕ್ಷಣದ ಉಷ್ಣಾಂಶವನ್ನೂ ಒತ್ತಡವನ್ನೂ ಬರೆದುಕೊಂಡು, ಕೋಷ್ಟಕ ನೋಡಿದರೆ ನೀರಿನ ಪ್ರಮಾಣ ಸಿಗುತ್ತದೆ. ಅಮೆರಿಕದ ಕರಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಹತ್ತು ಲಕ್ಷ ಘನ ಅಡಿಗೆ 7 ಪೌಂಡ್, ಅಂದರೆ ಒಂದು ಘನ ಮೀಟರ್‌ಗೆ ಸುಮಾರು 112 ಮಿಲಿಗ್ರಾಂ. ಅದಕ್ಕಿಂತ ಜಾಸ್ತಿ ಬಂದರೆ ಪೈಪ್‌ಲೈನ್‌ನವರು ಗ್ಯಾಸ್ ಬೇಡ ಅನ್ನಬಹುದು.

ಹಾಗಾಗಿ ಎಲ್ಲಾ ನಿಂತಿದ್ದು ಕಿಂಡಿಯಲ್ಲಿ ನೋಡುವವರ ಕಣ್ಣಿನ ಮೇಲೆ. ಕನ್ನಡಿ ಮೇಲೆ ನೀರು ಮಾತ್ರ ಕೂರುವುದಿಲ್ಲ, ಗ್ಯಾಸ್‌ನಲ್ಲೇ ಇರುವ ಎಣ್ಣೆಯಂಥ ಭಾರದ ಹೈಡ್ರೋಕಾರ್ಬನ್ನೂ ಕೂರುತ್ತದೆ, ಗ್ಲೈಕಾಲ್ ಎಂಬ ದ್ರವವೂ ಕೂರುತ್ತದೆ. ಯಾವುದು ಯಾವುದು ಅಂತ ಪಳಗಿದವರಿಗೆ ಗೊತ್ತಾಗುತ್ತದೆ, ಹೊಸಬರು ಎಡವುತ್ತಾರೆ. ಆದರೂ ಈ ಕನ್ನಡಿಯ ಮೇಲೆ ನನಗೆ ತುಂಬಾ ಗೌರವ, ಯಾಕೆಂದರೆ ಏನು ಕೂತಿದೆ ಅನ್ನೋದನ್ನ ಅದು ಬಚ್ಚಿಡುವುದಿಲ್ಲ.

ಆಮೇಲೆ ಬಂದ ಮೀಟರುಗಳು ಬರೀ ಅಂಕಿ ಕೊಟ್ಟವು. 1959ರಲ್ಲಿ ಕೈಡೆಲ್ ಎಂಬ ಸಂಶೋಧಕರು ವಿವರಿಸಿದ ಸೆಲ್‌ನಲ್ಲಿ ಫಾಸ್ಫರಸ್ ಪೆಂಟಾಕ್ಸೈಡ್ ನೀರನ್ನು ಹೀರುತ್ತದೆ, ವಿದ್ಯುತ್ ಅದನ್ನು ಒಡೆಯುತ್ತದೆ, ಹರಿದ ಕರೆಂಟಿನಿಂದ ನೀರಿನ ಲೆಕ್ಕ. ಅಲ್ಯುಮಿನಿಯಂ ಆಕ್ಸೈಡ್ ಸೆನ್ಸರ್‌ಗಳೂ ಬಂದವು. ಎರಡಕ್ಕೂ ಶತ್ರು ಅದೇ ಗ್ಲೈಕಾಲ್. ಗ್ಯಾಸ್ ಒಣಗಿಸಲು ಬಳಸುವುದೇ ಅದನ್ನು, ಅದರ ಹನಿಗಳು ಗ್ಯಾಸ್ ಜೊತೆ ಬಂದು ಸೆನ್ಸರ್‌ಗೆ ಮೆತ್ತಿಕೊಂಡರೆ ಮೀಟರ್ ತಪ್ಪು ತೋರಿಸುತ್ತದೆ, ನೋಡುವವರಿಗೆ ಮಾತ್ರ ಏನೂ ಅನುಮಾನ ಬರುವುದಿಲ್ಲ.

2000ದ ನಂತರ ಹರಡಿದ ಲೇಸರ್ ಮೀಟರ್‌ನಲ್ಲಿ ಅಳೆಯುವುದು ಬೆಳಕು. ನೀರಿನ ಆವಿ ಹೀರುವ ಒಂದು ನಿರ್ದಿಷ್ಟ ತರಂಗಾಂತರದ ಬೆಳಕು ಹಾಯಿಸಿ, ಎಷ್ಟು ಕಡಿಮೆಯಾಯಿತು ಅಂತ ನೋಡುತ್ತಾರೆ. ಗ್ಯಾಸಿಗೆ ಸೆನ್ಸರ್ ತಾಗುವುದೇ ಇಲ್ಲ. ಆದರೆ ಮೀಥೇನ್ ಕೂಡ ಅಲ್ಲೇ ಹತ್ತಿರ ಬೆಳಕು ಹೀರುತ್ತದೆ, ಅದನ್ನು ಲೆಕ್ಕದಿಂದ ಕಳೆಯಬೇಕು. ಜೊತೆಗೆ ಪೈಪಿನಿಂದ ಮೀಟರ್‌ಗೆ ಗ್ಯಾಸ್ ತರುವ ಸಣ್ಣ ಕೊಳವೆಯದ್ದೇ ಬೇರೆ ಸಮಸ್ಯೆ. ರಾತ್ರಿ ತಣ್ಣಗಾದಾಗ ಅದರ ಗೋಡೆ ಸ್ವಲ್ಪ ನೀರು ಹಿಡಿದುಕೊಳ್ಳುತ್ತದೆ, ಬಿಸಿಲೇರಿದಾಗ ಬಿಡುತ್ತದೆ. ಗ್ಯಾಸ್ ಬದಲಾಗದಿದ್ದರೂ ಮಧ್ಯಾಹ್ನ ಅಂಕಿ ಏರುತ್ತದೆ. ಅದಕ್ಕೇ ಆ ಕೊಳವೆಯನ್ನು ಆದಷ್ಟು ಚಿಕ್ಕದಾಗಿ ಇಟ್ಟು, ಹೀಟರ್ ಸುತ್ತಿ, ಹಗಲೂ ರಾತ್ರಿ ಒಂದೇ ಬಿಸಿಯಲ್ಲಿ ಇಡುತ್ತಾರೆ.