ಎಲ್‌ಇಡಿ ಬದಲಿಸುವ ಮುಂಚೆ ಸ್ಪ್ರಿಂಗ್ ನೋಡಿ

ಮಳೆಗಾಲ ಹತ್ತಿರ ಬಂತೆಂದರೆ ಶಿರಸಿಯ ನನ್ನ ರಿಪೇರಿ ಟೇಬಲ್ ಮೇಲೆ ಬ್ಯಾಟರಿಗಳ ರಾಶಿ. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅಂತ ಹೆಸರು, ಒಳಗೆ ಹಾಕುವುದು ಸೆಲ್ಲು. ಮೊನ್ನೆ ತೋಟದ ಯಜಮಾನರೊಬ್ಬರು ಬಂದರು. "ಬೆಳಕು ಕೆಳಗಿನ ತೋಟಕ್ಕೆ ಮುಟ್ತಿಲ್ಲೆ ಮಾರಾಯ. ದೊಡ್ಡ ಎಲ್‌ಇಡಿ ಹಾಕು" ಎಂದರು.

ನಾನು ಮೊದಲು ಬಿಚ್ಚುವುದು ಹಿಂದಿನ ಮುಚ್ಚಳ. ಕಾರವಾರದ ಮೀನುಗಾರರು ತರುವ ಟಾರ್ಚುಗಳು ಕಲಿಸಿದ ಪಾಠ ಇದು. ಉಪ್ಪುಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿದಿರುತ್ತದೆ, ತಿರುಪಿನ ಸುತ್ತುಗಳಲ್ಲಿ ಕಪ್ಪು ಕೊಳೆ. 3 ಆಂಪಿಯರ್ ಹರಿಯುವ ಕಡೆ 0.1 ಓಮ್ ಅಡ್ಡ ಬಂದರೂ 0.3 ವೋಲ್ಟ್ ಅಲ್ಲೇ ಹೋಯಿತು. ತುಂಬಿದ ಲಿಥಿಯಂ ಸೆಲ್ಲಿನಲ್ಲಿ ಇರುವುದೇ 4.2 ವೋಲ್ಟ್, ಬಿಳಿ ಎಲ್‌ಇಡಿಗೆ ಸುಮಾರು 3 ಬೇಕೇ ಬೇಕು. ಉಳಿಯುವುದು ಎಷ್ಟು ಮಹಾ? ಎಷ್ಟೋ ಸಲ ಉಜ್ಜಿ ಒರೆಸಿದರೆ ಸಾಕು, ಎಲ್‌ಇಡಿ ಮುಟ್ಟುವ ಕೆಲಸವೇ ಇಲ್ಲ.

ಯಜಮಾನರ ಟಾರ್ಚಿನ ಸ್ಪ್ರಿಂಗ್ ಚೆನ್ನಾಗೇ ಇತ್ತು. ಆದರೆ ದೊಡ್ಡ ಎಲ್‌ಇಡಿ ಹಾಕಿದರೆ ಬೆಳಕು ಅಗಲ ಆಗುತ್ತದೆ, ದೂರ ಹೋಗುವುದಿಲ್ಲ. ರಿಫ್ಲೆಕ್ಟರ್ ಅದೇ ಇದ್ದಾಗ, ಬೆಳಕು ಹುಟ್ಟುವ ಜಾಗ ಚಿಕ್ಕದಾದಷ್ಟೂ ಕಿರಣ ಸಪೂರ.

ಎಲ್‌ಇಡಿ ಮೇಲೆ ಪಾರದರ್ಶಕ ಸಿಲಿಕೋನ್ ಗುಳ್ಳೆ ಇರುತ್ತದಲ್ಲ, ಅದು ಒಳಗಿನ ಚಿಪ್ಪನ್ನು ಭೂತಗನ್ನಡಿಯ ಹಾಗೆ ದೊಡ್ಡದು ಮಾಡಿ ತೋರಿಸುತ್ತದೆ. ಹೊಸ ಬ್ಲೇಡಿನಿಂದ ಗುಳ್ಳೆಯ ತಲೆ ಸವರಿದರೆ ನಡುವಿನ ಬೆಳಕು ಚೂಪಾಗುತ್ತದೆ. ಬುಡದವರೆಗೆ ಮಾತ್ರ ಇಳಿಯಬೇಡಿ. ಕೆಲವು ಎಲ್‌ಇಡಿಗಳಲ್ಲಿ ಕೂದಲಿಗಿಂತ ತೆಳು ತಂತಿಗಳಿರುತ್ತವೆ, ಒಂದು ತುಂಡಾದರೆ ಮುಗಿಯಿತು. ಸವರಿದ ಮೇಲೆ ಒಟ್ಟು ಬೆಳಕು ಸ್ವಲ್ಪ ಇಳಿಯುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಇನ್ನೊಂದು ಮಾತು, ನಡುವಿನ ಬೆಳಕು ಎರಡು ಪಟ್ಟಾದರೆ ದೂರವೂ ಎರಡು ಪಟ್ಟು ಆಗುವುದಿಲ್ಲ. 10,000 ಕ್ಯಾಂಡೆಲಾ (ನಡುವಿನ ಬೆಳಕಿನ ತೀವ್ರತೆಯ ಅಳತೆ) ಇದ್ದರೆ ಲೆಕ್ಕದಲ್ಲಿ 200 ಮೀಟರ್, 20,000 ಆದರೆ ಸುಮಾರು 283. ಅದೂ ಆ ತುದಿಯಲ್ಲಿ ಸಿಗುವುದು ಬರೀ ಹುಣ್ಣಿಮೆಯಷ್ಟು ಬೆಳಕು.

ಎಲ್‌ಇಡಿಯನ್ನೇ ಬದಲಿಸಬೇಕಾಗಿ ಬಂದರೆ, ಅದರ ಬೆಸುಗೆಯೇ ನನಗೆ ಇಷ್ಟದ ಭಾಗ. ಹಾಟ್ ಪ್ಲೇಟ್ ಕೊಳ್ಳುವ ಮುಂಚೆ ಹಳೇ ಇಸ್ತ್ರಿ ಪೆಟ್ಟಿಗೆಯನ್ನು ಮಗುಚಿಟ್ಟು ಅದರ ಮೇಲೇ ಮಾಡುತ್ತಿದ್ದೆ. ಬೋರ್ಡಿಗೆ ಚೂರೇ ಚೂರು ಸೋಲ್ಡರ್ ಪೇಸ್ಟ್ ಹಚ್ಚಿ, ಪ್ಲಸ್ ಮೈನಸ್ ಇನ್ನೊಮ್ಮೆ ನೋಡಿಕೊಂಡು ಎಲ್‌ಇಡಿ ಕೂರಿಸಬೇಕು. 183 ಡಿಗ್ರಿಗೆ ಸೀಸದ ಸೋಲ್ಡರ್ ಕರಗಿ, ಬೂದು ಬಣ್ಣದ ಪೇಸ್ಟು ಒಮ್ಮೆಲೇ ಬೆಳ್ಳಿಯಂತೆ ಮಿನುಗುತ್ತದೆ. ಸೊಟ್ಟ ಕೂತ ಎಲ್‌ಇಡಿ ತಾನಾಗಿಯೇ ತಿರುಗಿ ನೆಟ್ಟಗಾಗುತ್ತದೆ! ಚಿಮಟದ ತುದಿಯಿಂದ ಮೆಲ್ಲಗೆ ತಳ್ಳಿ ನೋಡಿ. ತೇಲಿಕೊಂಡು ವಾಪಸ್ ಜಾಗಕ್ಕೆ ಬಂದರೆ ಬೆಸುಗೆ ಸರಿ ಕೂತಿದೆ ಅಂತ ಅರ್ಥ.

ಬೋರ್ಡ್ ತಾಮ್ರದ್ದಿರಲಿ, ಎಲ್‌ಇಡಿಯ ನಡುವಿನ ಪ್ಯಾಡ್ ನೇರ ತಾಮ್ರಕ್ಕೇ ಕೂರುವಂಥದ್ದು. ಅಗ್ಗದ ಅಲ್ಯೂಮಿನಿಯಂ ಬೋರ್ಡಿನಲ್ಲಿ ನಡುವೆ ಒಂದು ಪದರ ಬಿಸಿಯನ್ನು ತಡೆಯುತ್ತದೆ. ಪ್ಲಾಸ್ಟಿಕ್ ಮೈಯ ಟಾರ್ಚಿಗೆ ಕರೆಂಟ್ ಜಾಸ್ತಿ ಮಾಡಿ ಅಂದರೆ ನಾನು ಒಪ್ಪುವುದಿಲ್ಲ. ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ, ಸುಮ್ನೆ ಎಲ್‌ಇಡಿ ಸಾಯುತ್ತದೆ.

ವಾರ ಬಿಟ್ಟು ಯಜಮಾನರು ಮತ್ತೆ ಬಂದರು. ಕೆಳಗಿನ ತೋಟ ಕಾಣುತ್ತಿದೆಯಂತೆ, ಕಾಲಬುಡವೇ ಕಾಣುವುದಿಲ್ಲವಂತೆ. ಕಿರಣ ಸಪೂರ ಮಾಡಿದರೆ ಹಾಗೇ ಅಲ್ವಾ! ಒಣಗಿದ ಸೋಗೆ, ಹಾಳೆ ಬಿದ್ದ ನೆಲದಲ್ಲಿ ಕೊಳಕುಮಂಡಲ ಹಾವು ಮಲಗಿದ್ದರೆ ಕಂದಿನ ಮೇಲೆ ಕಂದು. ನೀಲಿ ಛಾಯೆಯ ಅಗ್ಗದ ಎಲ್‌ಇಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅವರ ತಲೆಗೆ ಕಟ್ಟುವ ಲೈಟಿನಲ್ಲಿದ್ದುದು ಅಂಥದ್ದೇ. ಅದನ್ನು ತೆಗೆದು, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದಕ್ಕೆ ನೂರರಲ್ಲಿ ಕೊಡುವ ಅಂಕ) 90 ದಾಟಿದ, ಬೆಚ್ಚನೆ ಬಣ್ಣದ್ದೊಂದು ಹಾಕಿದೆ. ಇದರಲ್ಲಿ ಬೆಳಕು ಸ್ವಲ್ಪ ಕಡಿಮೆ ಎಂದು ಮೊದಲೇ ಹೇಳಿದ್ದೆ. ಈಗ ಅವರು ದೂರಕ್ಕೆ ಕೈಯಲ್ಲೊಂದು, ಹತ್ತಿರಕ್ಕೆ ತಲೆಯಲ್ಲೊಂದು ಹಿಡಿದು ತೋಟಕ್ಕಿಳಿಯುತ್ತಾರೆ.