ಕಾಮೆಂಟ್ ಎಣಿಸೋದು ಮೆಷಿನ್, ಓದೋದು ಯಾರು?

2016ರ ಅಕ್ಟೋಬರ್ ನೆನಪಿದೆಯಾ? ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಬರುತ್ತೆ, ಅದಕ್ಕೆ ಎಂಟುನೂರಕ್ಕೂ ಜಾಸ್ತಿ ಮರ ಹೋಗುತ್ತವೆ ಅಂತ ಗೊತ್ತಾದಾಗ ಬೆಂಗಳೂರಿನವರು ಟ್ವಿಟರ್‌ನಲ್ಲಿ ‘ಸ್ಟೀಲ್‌ಫ್ಲೈಓವರ್‌ಬೇಡ’ ಅಂತ ಹ್ಯಾಷ್‌ಟ್ಯಾಗ್ ಶುರು ಮಾಡಿದರು. 16ನೇ ತಾರೀಕು ಮಾನವ ಸರಪಳಿಯೂ ಆಯ್ತು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದೇ 2017ರಲ್ಲಿ ಮೆಟ್ರೊ ಬೋರ್ಡ್‌ಗಳಲ್ಲಿದ್ದ ಹಿಂದಿ ವಿಷಯಕ್ಕೆ ಇನ್ನೊಂದು ‘ಬೇಡ’ ಬಂತು.

ಪೋಸ್ಟ್‌ನಲ್ಲಿರೋದು ಮೆಚ್ಚುಗೆಯೋ ಸಿಟ್ಟೋ ಅಂತ ಹೇಳೋ ಸಾಫ್ಟ್‌ವೇರ್‌ಗಳಿವೆ. ಈ ಹ್ಯಾಷ್‌ಟ್ಯಾಗ್‌ಗಳನ್ನು ಬರೀ ಇಂಗ್ಲಿಷ್ ಪದಪಟ್ಟಿ ಇಟ್ಟುಕೊಂಡ ಅಂಥದೊಂದಕ್ಕೆ ಕೊಟ್ಟು ನೋಡಿ. ಅದಕ್ಕೆ ಸ್ಟೀಲ್ ಗೊತ್ತು, ಫ್ಲೈಓವರ್ ಗೊತ್ತು, ಬೇಡ ಮಾತ್ರ ಗೊತ್ತಿಲ್ಲ. ಊರಿನ ಸಿಟ್ಟೆಲ್ಲ ಆ ಎರಡಕ್ಷರದಲ್ಲಿದೆ, ವರದಿಯಲ್ಲಿ ಬರೋದು ‘ನ್ಯೂಟ್ರಲ್’ ಅಂತ.

ಜನ ಏನಂತಿದ್ದಾರೆ ಅಂತ ರಾಶಿಗಟ್ಟಲೆ ಪೋಸ್ಟ್‌ಗಳಿಂದ ಅಳೆಯೋ ಕೆಲಸಕ್ಕೆ ಸೆಂಟಿಮೆಂಟ್ ಅನಾಲಿಸಿಸ್ ಅಂತಾರೆ. ಎಲ್ಲ ಆಟೋಮ್ಯಾಟಿಕ್, ಮನುಷ್ಯರೇ ಬೇಕಿಲ್ಲ ಅಂತ ಮಾರುವವರೂ ಇದ್ದಾರೆ. ಆದರೆ ಇದರ ಹಿಂದಿನ ಕಥೆ ನೋಡಿದರೆ ಮನುಷ್ಯ ಯಾವತ್ತೂ ಎದ್ದು ಹೋಗಿಲ್ಲ. ಅವನು ಕೂರೋ ಜಾಗ ಬದಲಾಗಿದೆ, ಅಷ್ಟೆ.

ಮೊದಲು ಎಲ್ಲ ಕೈಯಲ್ಲೇ ನಡೀತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಲಾಸ್‌ವೆಲ್ ತಂಡ ಕಟ್ಟಿಕೊಂಡು ಯುದ್ಧಕಾಲದ ಪ್ರಚಾರವನ್ನು ಓದಿ, ವಿಂಗಡಿಸಿ, ಲೆಕ್ಕ ಹಾಕುತ್ತಿದ್ದರು. 1960ರ ದಶಕದಲ್ಲಿ ಹಾರ್ವರ್ಡ್‌ನ ಫಿಲಿಪ್ ಸ್ಟೋನ್ ಮತ್ತು ಅವರ ಜೊತೆಗಾರರು ‘ಜನರಲ್ ಇನ್‌ಕ್ವೈರರ್’ ಅನ್ನೋ ಪ್ರೋಗ್ರಾಂ ಮಾಡಿದರು. ಯಾವ ಪದ ಯಾವ ಗುಂಪಿಗೆ ಸೇರಬೇಕು ಅಂತ ಮನುಷ್ಯರು ಮೊದಲೇ ಪಟ್ಟಿ ಮಾಡಿಡಬೇಕು, ಆಮೇಲೆ ಕಂಪ್ಯೂಟರ್ ಎಣಿಸುತ್ತೆ. ಅಂದರೆ ಬುದ್ಧಿಯೆಲ್ಲ ಶುರುವಿನಲ್ಲೇ ಖರ್ಚಾಗಿಬಿಡುತ್ತಿತ್ತು.

2002ರಲ್ಲಿ ಕಾರ್ನೆಲ್‌ನ ಬೋ ಪ್ಯಾಂಗ್, ಲಿಲಿಯನ್ ಲೀ ಮತ್ತು ಐಬಿಎಂನ ಶಿವಕುಮಾರ್ ವೈದ್ಯನಾಥನ್ ಈ ಪದಪಟ್ಟಿಯ ನಂಬಿಕೆಗೇ ಕೈ ಹಾಕಿದರು. 700 ಹೊಗಳಿದ, 700 ತೆಗಳಿದ ಸಿನಿಮಾ ವಿಮರ್ಶೆ ತಗೊಂಡರು. ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ, ಒಳ್ಳೆ ವಿಮರ್ಶೆಯಲ್ಲಿ ಯಾವ ಪದ ಇರುತ್ತೆ, ಕೆಟ್ಟದರಲ್ಲಿ ಯಾವುದು, ನೀವೇ ಬರೆಯಿರಿ ಅಂದರು. ಆ ಪಟ್ಟಿಗಳಿಂದ ಸರಿ ಬಂದದ್ದು 58% ಮತ್ತು 64%. ನಾಣ್ಯ ಚಿಮ್ಮಿದರೂ 50 ಬರುತ್ತಿತ್ತು! ಹೊಗಳಿಕೆಯೋ ತೆಗಳಿಕೆಯೋ ಅಂತ ಮೊದಲೇ ಗುರುತು, ಅಂದರೆ ಲೇಬಲ್, ಇದ್ದ ವಿಮರ್ಶೆಗಳನ್ನು ತೋರಿಸಿ ಮೆಷಿನ್‌ಗೆ ತಾನೇ ಕಲಿಯೋಕೆ ಬಿಟ್ಟಾಗ 80 ದಾಟಿತು. ನೋಡಿ, ಓದಿದರೆ ನಮಗೆ ತಟ್ಟನೆ ಗೊತ್ತಾಗುತ್ತೆ, ಆದರೆ ಹೇಗೆ ಗೊತ್ತಾಯ್ತು ಅಂತ ಪಟ್ಟಿ ಕೊಡು ಅಂದರೆ ತಡವರಿಸುತ್ತೇವೆ. ಅಲ್ಲಿಂದ ಮನುಷ್ಯನ ಕೆಲಸ ಪಟ್ಟಿ ಬರೆಯೋದು ಬಿಟ್ಟು ಉದಾಹರಣೆಗಳಿಗೆ ಲೇಬಲ್ ಹಾಕೋದಾಯ್ತು.

ಆಮೇಲೆ ಬಂದದ್ದು ಎಣಿಕೆಯ ಹುಚ್ಚು. 2009ರ ಜರ್ಮನಿ ಚುನಾವಣೆ ಸಮಯದ ಸುಮಾರು ಒಂದು ಲಕ್ಷ ಟ್ವೀಟ್ ನೋಡಿ, ಪಕ್ಷದ ಹೆಸರು ಎಷ್ಟು ಸಲ ಬಂತು ಅನ್ನೋದೇ ಫಲಿತಾಂಶಕ್ಕೆ ಹತ್ತಿರ ಇದೆ ಅಂತ ಒಂದು ತಂಡ 2010ರಲ್ಲಿ ಬರೆಯಿತು. ಬೇರೆಯವರು ಅದೇ ಲೆಕ್ಕಕ್ಕೆ ಆ ತಂಡ ಬಿಟ್ಟಿದ್ದ ಪೈರೇಟ್ ಪಾರ್ಟಿಯನ್ನೂ ಸೇರಿಸಿದರು. ಎಲ್ಲರಿಗಿಂತ ಜಾಸ್ತಿ ಹೆಸರು ಬಂದದ್ದು ಆ ಪಾರ್ಟಿಗೇ! ನಿಜವಾಗಿ ಅದಕ್ಕೆ ಬಿದ್ದ ಮತ ಸುಮಾರು 2%. ಯಾವ ಪಕ್ಷ ಲೆಕ್ಕಕ್ಕೆ, ಯಾವುದು ಬೇಡ ಅಂತ ಒಬ್ಬ ಮನುಷ್ಯ ತೀರ್ಮಾನ ಮಾಡಿದ್ದ, ಫಲಿತಾಂಶ ಅಲ್ಲೇ ಅರ್ಧ ನಿರ್ಧಾರವಾಗಿತ್ತು.

ಅದೇ 2010ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ಡೇನಿಯಲ್ ಹಾಪ್‌ಕಿನ್ಸ್ ಮತ್ತು ಗ್ಯಾರಿ ಕಿಂಗ್ ಬೇರೆ ದಾರಿ ತೋರಿಸಿದರು. ಪ್ರತಿಯೊಂದು ಪೋಸ್ಟ್‌ಗೂ ಸರಿಯಾದ ಲೇಬಲ್ ಬೀಳಲೇಬೇಕು ಅಂತೇನಿಲ್ಲ, ನಮಗೆ ಬೇಕಿರೋದು ಒಟ್ಟಿನಲ್ಲಿ ಎಷ್ಟು ಪಾಲು ಜನ ಏನಂದರು ಅಂತ ತಾನೇ? ಕೆಲವು ನೂರು ಪೋಸ್ಟ್ ಕೈಯಲ್ಲಿ ಓದಿ ವಿಂಗಡಿಸಿ, ಅದರ ಮೇಲೆ ಇಡೀ ರಾಶಿಯ ಪಾಲನ್ನು ಲೆಕ್ಕ ಹಾಕಿ ಅಂದರು. ನನಗೆ ಈ ವಿಧಾನ ಇಷ್ಟ, ಯಾಕಂದ್ರೆ ಇಲ್ಲಿ ಮನುಷ್ಯ ಏನು ಮಾಡಬೇಕು, ಮೆಷಿನ್ ಏನು ಮಾಡಬೇಕು ಅನ್ನೋದು ಗೊಂದಲವಿಲ್ಲದೆ ಗೊತ್ತಾಗುತ್ತೆ.

ಸರಿ, ಲೇಬಲ್ ಹಾಕೋ ಮನುಷ್ಯರೇ ಒಬ್ಬರಿಗೊಬ್ಬರು ಒಪ್ಪದಿದ್ದರೆ? ಇಂಥ ಒಂದು ಕಾಮೆಂಟ್ ಬಂತು ಅಂದ್ಕೊಳ್ಳಿ: ‘ಅಂಡರ್‌ಪಾಸ್‌ನಲ್ಲಿ ಮಂಡಿವರೆಗೆ ನೀರು, ಟ್ರಾಫಿಕ್ ಪೊಲೀಸಪ್ಪ ಒಬ್ನೇ ನಿಂತು ಗಾಡಿ ಬಿಡ್ತಿದ್ದ, ಪಾಪ.’ ಒಬ್ಬರು ನೆಗೆಟಿವ್ ಅಂತಾರೆ, ನೀರು ನಿಂತಿದೆಯಲ್ಲ. ಇನ್ನೊಬ್ಬರು ಪಾಸಿಟಿವ್ ಅಂತಾರೆ, ಪೊಲೀಸಪ್ಪನ ಮೇಲೆ ಪ್ರೀತಿ ಇದೆಯಲ್ಲ. ಇಬ್ಬರದೂ ಸರಿ. ವರದಿ ಪಾಲಿಕೆಗೆ ಹೋಗುತ್ತಾ, ಪೊಲೀಸರಿಗೆ ಹೋಗುತ್ತಾ ಅನ್ನೋದರ ಮೇಲೆ ಲೇಬಲ್ ಬದಲಾಗುತ್ತೆ. ಆದರೆ ಎಕ್ಸೆಲ್‌ನಲ್ಲಿ ಇರೋದು ಒಂದೇ ಕಾಲಂ.

ಈ ಒಪ್ಪಿಗೆಯನ್ನು ಅಳೆಯೋಕೆ 1960ರಲ್ಲೇ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ ‘ಕಪ್ಪಾ’ ಅಂತ ಒಂದು ಅಳತೆ ಕೊಟ್ಟಿದ್ದರು. ಅದು ಯಾಕೆ ಬೇಕು ಅಂದರೆ, ಬೆಂಗಳೂರು ಟ್ರಾಫಿಕ್ ಬಗ್ಗೆ ಬರೋ 100 ಪೋಸ್ಟ್‌ನಲ್ಲಿ ಇಬ್ಬರೂ ಸುಮ್ನೆ ಕಣ್ಣು ಮುಚ್ಚಿಕೊಂಡು ತಂತಮಗೆ ತೋಚಿದ 90ಕ್ಕೆ ನೆಗೆಟಿವ್ ಅಂತ ಹಾಕಿದರು ಅನ್ನಿ, ಮಿಕ್ಕ 10ಕ್ಕೆ ಪಾಸಿಟಿವ್ ಅಂತ. ಏನೂ ಓದದೆಯೇ ಸರಾಸರಿ 82 ಪೋಸ್ಟ್‌ಗಳಲ್ಲಿ ಇಬ್ಬರ ಲೇಬಲ್ ಒಂದೇ ಆಗಿರುತ್ತೆ! ಕಪ್ಪಾ ಈ ಅದೃಷ್ಟದ ಒಪ್ಪಿಗೆಯನ್ನು ಕಳೆದು ಮಿಕ್ಕದ್ದು ಹೇಳುತ್ತೆ. ‘ನಮ್ಮ ಟೂಲ್ 82% ಕರೆಕ್ಟ್’ ಅನ್ನೋ ಜಾಹೀರಾತು ನೋಡಿದಾಗ ನನಗೆ ಈ ಲೆಕ್ಕ ನೆನಪಾಗುತ್ತೆ.

ಕನ್ನಡಕ್ಕೆ ಬಂದರೆ ತಲೆನೋವು ಇನ್ನೂ ಜಾಸ್ತಿ. ನಾವು ಅರ್ಧ ಇಂಗ್ಲಿಷ್ ಬೆರೆಸುತ್ತೇವೆ, ಬರೆಯೋದು ಇಂಗ್ಲಿಷ್ ಅಕ್ಷರದಲ್ಲಿ, ಸ್ಪೆಲ್ಲಿಂಗ್ ಅವರವರ ಇಷ್ಟ. ‘ಚೆನ್ನಾಗಿದೆ’ಯನ್ನು ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುತ್ತಾರೆ. ಜೊತೆಗೆ ‘ಚೆನ್ನಾಗಿಲ್ಲ’ ಅನ್ನೋದರ ಒಳಗೇ ‘ಚೆನ್ನಾಗಿ’ ಕೂತಿದೆ, ಪದದ ಮೊದಲ ಭಾಗ ಹುಡುಕೋ ಟೂಲ್ ಖುಷಿಯಿಂದ ಪಾಸಿಟಿವ್ ಅಂತ ಹಾಕಿಬಿಡುತ್ತೆ. ‘ಚಿಂದಿ ಗುರು’, ‘ಬೆಂಕಿ’ ಇವೆಲ್ಲ ಹೊಗಳಿಕೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಮೆಷಿನ್‌ಗೆ ಹೇಳಿಕೊಡಬೇಕು. 2020ರ ಹೊತ್ತಿಗೆ ಸಂಶೋಧಕರು ಯೂಟ್ಯೂಬ್‌ನಿಂದ ಇಂಥ ಕನ್ನಡ-ಇಂಗ್ಲಿಷ್ ಕಾಮೆಂಟ್ ತೆಗೆದು, ಮನುಷ್ಯರ ಕೈಲಿ ಲೇಬಲ್ ಹಾಕಿಸಿ ಎಲ್ಲರಿಗೂ ಸಿಗೋ ಹಾಗೆ ಮಾಡಿದರು. ಪಾಸಿಟಿವ್, ನೆಗೆಟಿವ್ ಜೊತೆ ‘ಎರಡೂ ಬೆರೆತಿದೆ’ ಅನ್ನೋ ಖಾನೆಯೂ ಅದರಲ್ಲಿದೆ, ಒಳ್ಳೆ ಕೆಲಸ. ಆದರೆ ಅದೇ ಸಂಗ್ರಹದಲ್ಲಿ ತಮಿಳಿನ ಕಾಮೆಂಟ್ ಸುಮಾರು 44,000, ಮಲಯಾಳಂ 20,000, ಕನ್ನಡ 7,000ದ ಆಸುಪಾಸು. ಐಟಿ ರಾಜಧಾನಿ ಅಂತ ನಾವು ಎದೆ ತಟ್ಟಿಕೊಳ್ಳೋದಕ್ಕೂ ಈ ಲೆಕ್ಕಕ್ಕೂ ಹೊಂದಿಕೆ ಆಗಲ್ಲ, ಅಲ್ವಾ?

ಈಗಿನ ರೂಢಿ ಏನಂದರೆ, ಮೆಷಿನ್ ಎಲ್ಲಕ್ಕೂ ಲೇಬಲ್ ಹಾಕುತ್ತೆ, ತನಗೆ ಅನುಮಾನ ಇದ್ದದ್ದನ್ನು ಮಾತ್ರ ಮನುಷ್ಯನಿಗೆ ಕಳಿಸುತ್ತೆ, ಅವನು ತಿದ್ದಿದ್ದನ್ನು ಮತ್ತೆ ಕಲಿಯುತ್ತೆ. ಕೇಳೋಕೆ ಚೆನ್ನಾಗಿದೆ. ನನ್ನ ತಕರಾರು ಇರೋದು ‘ಅನುಮಾನ ಇದ್ದದ್ದನ್ನು’ ಅನ್ನೋ ಕಡೆ. ‘ಒಂದೇ ಮಳೆಗೆ ಸ್ವಿಮ್ಮಿಂಗ್ ಪೂಲ್ ರೆಡಿ, ಸೂಪರ್ ಕೆಲಸ ಸಾರ್’ ಅನ್ನೋ ಮಾತಿಗೆ ಎಷ್ಟೋ ಟೂಲ್‌ಗಳಿಗೆ ಅನುಮಾನವೇ ಬರಲ್ಲ, ಸೂಪರ್ ಇದೆ, ಪಾಸಿಟಿವ್, ಮುಂದಕ್ಕೆ. ವ್ಯಂಗ್ಯ ಮನುಷ್ಯನ ಮೇಜಿನವರೆಗೂ ಬರೋದೇ ಇಲ್ಲ. ಹಾಗಾಗಿ ಮೆಷಿನ್ ಧೈರ್ಯವಾಗಿ ಹೇಳಿದ್ದರಲ್ಲೂ ಒಂದಿಷ್ಟನ್ನು ಚೀಟಿ ಎತ್ತಿದ ಹಾಗೆ ಎತ್ತಿ, ಇಲ್ಲಿನ ಮಾತು ಬಲ್ಲ ಇಬ್ಬರ ಕೈಲಿ ಓದಿಸಬೇಕು. ಇದಕ್ಕೆ ದುಡ್ಡು ಖರ್ಚಾಗುತ್ತೆ, ಅದಕ್ಕೇ ಬಿಟ್ಟುಬಿಡುತ್ತಾರೆ.

ಆ ಖರ್ಚು ಉಳಿಸೋಕೆ ಈಗ ಚಾಟ್‌ಜಿಪಿಟಿ ಥರದವು ಬಂದಿವೆ. ಕೆಲವು ಲೇಬಲ್ ಕೆಲಸಗಳಲ್ಲಿ ಅದು ಆನ್‌ಲೈನ್ ಕೂಲಿ ಕೆಲಸಗಾರರಿಗಿಂತ ಚೆನ್ನಾಗಿ ಮಾಡಿತು ಅಂತ 2023ರ ಒಂದು ಅಧ್ಯಯನ ತೋರಿಸಿತು, ಅದು ಇಂಗ್ಲಿಷ್ ಪಠ್ಯದ ಮೇಲೆ. ಅದೇ ವರ್ಷ ಇನ್ನೊಂದು ತಂಡ ಅಂಥ ಕೆಲಸಗಾರರಿಗೆ ಸಾರಾಂಶ ಬರೆಯೋ ಕೆಲಸ ಕೊಟ್ಟು ನೋಡಿತು. 33ರಿಂದ 46% ಜನ ಇಂಥದೇ ಎಐ ಬಳಸಿರಬಹುದು ಅಂತ ಅವರ ಅಂದಾಜು. ಮನುಷ್ಯ ನೋಡಿದ್ದು ಅಂತ ದುಡ್ಡು ಕೊಟ್ಟದ್ದಕ್ಕೂ ಗ್ಯಾರಂಟಿ ಇಲ್ಲ ಅಂತಾಯ್ತು.

ಇದರ ಜೊತೆಗೆ ಓದೋಕೆ ಸಿಗೋದೇ ಕಮ್ಮಿಯಾಗುತ್ತಿದೆ. ಟ್ವಿಟರ್ 2023ರಲ್ಲಿ ಸಂಶೋಧಕರಿಗೆ ಉಚಿತವಾಗಿ ಸಿಗುತ್ತಿದ್ದ ಡೇಟಾ ನಿಲ್ಲಿಸಿತು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟ್‌ಗಳು ಹೇಗೆ ಹರಡುತ್ತವೆ ಅಂತ ನೋಡೋಕಿದ್ದ ಕ್ರೌಡ್‌ಟ್ಯಾಂಗಲ್ ಅನ್ನೋ ಟೂಲನ್ನು ಮೆಟಾ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಬೆಂಗಳೂರಿನ ನೀರು, ಕಸ, ರಸ್ತೆಗುಂಡಿ ಜಗಳಗಳಲ್ಲಿ ಎಷ್ಟೋ ಅಪಾರ್ಟ್‌ಮೆಂಟ್ ಮತ್ತು ಏರಿಯಾ ವಾಟ್ಸಾಪ್ ಗ್ರೂಪ್‌ಗಳ ಒಳಗೇ ನಡೆದು ಮುಗಿಯುತ್ತವೆ. ಅಲ್ಲಿಗೆ ಈ ಟೂಲ್‌ಗಳೂ ಹೋಗಲ್ಲ, ಲೇಬಲ್ ಹಾಕುವವರೂ ಹೋಗಲ್ಲ, ಆದರೂ ವರದಿಯ ಮೇಲೆ ‘ಬೆಂಗಳೂರಿನ ಅಭಿಪ್ರಾಯ’ ಅಂತಲೇ ಬರೆದಿರುತ್ತೆ.